ಹೊಂಗೆ ತೋಪಿನಲ್ಲಿ ಸಮುದಾಯ ಭವನ

ಪ್ರಶ್ನೆ: ಕೆರೆ ಪಕ್ಕದ ಹೊಂಗೆ ತೋಪಿನಲ್ಲಿ 200 ಜನ ಕೂರುವ ಭವನ ಕಟ್ಟಬೇಕು. ಮರ ಕಡಿಯದೆ, ತೋಪಿಗೆ ಒಗ್ಗುವಂತೆ ಹೇಗೆ ಕಟ್ಟುವುದು?
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ತಲೆಗೆ 10 ಚದರಡಿಯಂತೆ 2,000 ಚದರಡಿ ಬೇಕು. ಅಷ್ಟನ್ನೂ ಒಂದೇ ಚಾವಣಿಯಡಿ ತಂದರೆ ಅಕ್ಕಿ ಗಿರಣಿಯಂತೆ ಕಾಣುತ್ತದೆ! 1,200 ಚದರಡಿ ಸಭಾಂಗಣ, ಉಳಿದದ್ದು ಮರಗಳ ನಡುವೆ ತಿರುಗುವ ತೆರೆದ ಜಗಲಿ ಆಗಲಿ.

ಮರದ ಬಳಿ ಉದ್ದಕ್ಕೂ ಪಾಯ ತೋಡಬೇಡಿ. ಬೇರು ತುಂಡಾದ ಮರ ಗಾಳಿಗೆ ಉರುಳುತ್ತದೆ. ಕಂಬಕ್ಕೊಂದು ಗುಂಡಿ ತೆಗೆದು, ನೆಲದ ಮೇಲೆ ತೊಲೆ ಕಟ್ಟಿಸಿ. ಕೆರೆ ತೇವ ಗೋಡೆಗೆ ಏರದಂತೆ ತಳಪಾಯದ ಮೇಲೆ ತೇವತಡೆ ಪದರ ಬೇಕೇ ಬೇಕು.

ಮಂಗಳೂರು ಹೆಂಚಿಗೆ 30 ಡಿಗ್ರಿ ಇಳಿಜಾರು, ಅಂದರೆ 10 ಅಡಿಗೆ ಸುಮಾರು 5¾ ಅಡಿ ಏರು. ಇಳಿಜಾರು ತೀರಾ ಕಡಿಮೆಯಾದರೆ ಎರಚಲು ಹೆಂಚಿನ ಸಂದಿಗೆ ನುಗ್ಗುತ್ತದೆ. ಸೂರು 3 ಅಡಿ ಮುಂದೆ ಚಾಚಲಿ. ಗೋಡೆಗೆ ಸ್ಥಳೀಯ ಕಲ್ಲು ಸಾಕು, ಬಣ್ಣ ಬೇಡ.