ಭರತನಾಟ್ಯ ಕಲಿತವರು ಮ್ಯಾಡ್ರಿಡ್‌ನಲ್ಲಿ ಫ್ಲಮೆಂಕೊ ಎಲ್ಲಿ ನೋಡಬೇಕು, ಎಲ್ಲಿ ಕಲಿಯಬೇಕು?

ಓದಿಗೆಂದು ಆರು ತಿಂಗಳು ಮ್ಯಾಡ್ರಿಡ್‌ನಲ್ಲಿರುತ್ತೀರಿ, ಭರತನಾಟ್ಯದ ಅಭ್ಯಾಸವಿದೆ, ಸ್ಪೇನಿನ ಹಾಡು-ಕುಣಿತದ ಕಲೆಯಾದ ಫ್ಲಮೆಂಕೊವನ್ನು ಎಲ್ಲಿ ನೋಡಿ ಎಲ್ಲಿ ಕಲಿಯಲಿ ಎಂದು ಕೇಳಿದ್ದೀರಿ. ಕಲಿಯುವುದಕ್ಕೆ ನಾನು ಮೊದಲು ಹೇಳುವ ಹೆಸರು 'ಅಮೋರ್ ದೆ ದಿಯೋಸ್' ಎಂಬ ನೃತ್ಯಶಾಲೆ. ಆಂತೊನ್ ಮಾರ್ತಿನ್ ಮೆಟ್ರೊ ನಿಲ್ದಾಣದಿಂದ ಹೊರಬಂದರೆ ಪಕ್ಕದಲ್ಲೇ ಹಣ್ಣು, ಮೀನು ಮಾರುವ ಮಾರುಕಟ್ಟೆ. ಶಾಲೆ ಇರುವುದು ಅದರ ಮೇಲಂತಸ್ತಿನಲ್ಲಿ. ಒಬ್ಬೊಬ್ಬ ಗುರುವಿನ ತರಗತಿಗೂ ಬೇರೆ ವೇಳೆ, ಬೇರೆ ಮಟ್ಟ. ನಾಟ್ಯದ ಅನುಭವವಿದೆಯೆಂದು ನೇರ ಮಧ್ಯಮ ಮಟ್ಟಕ್ಕೆ ಸೇರಬೇಡಿ. 'ಇನಿಸಿಯಾಸಿಯೋನ್' ಎಂಬ ಆರಂಭದ ತರಗತಿಯನ್ನೇ ಕೇಳಿ. ಆಗಸ್ಟ್‌ನಲ್ಲಿ ಊರೇ ರಜೆಯಲ್ಲಿರುವುದರಿಂದ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಸೇರುವುದು ಒಳ್ಳೆಯದು.

ಆರಂಭದಲ್ಲಿ ನಿಮ್ಮನ್ನು ತೊಡಕಿಗೆ ಸಿಕ್ಕಿಸುವುದು ಕಾಲಲ್ಲ, ತಾಳ. ಅಲ್ಲಿ ಅದಕ್ಕೆ 'ಕೊಂಪಾಸ್' ಎನ್ನುತ್ತಾರೆ. 'ಬುಲೆರಿಯಾಸ್' ಎಂಬ ಪ್ರಕಾರದಲ್ಲಿ 12 ಎಣಿಕೆ, ಒತ್ತು ಬೀಳುವುದು 12, 3, 6, 8, 10ರ ಮೇಲೆ. ಎಣಿಕೆ 12ರಿಂದ ಶುರುವಾಗುತ್ತದೆ ಎನ್ನುವುದೇ ಹೊಸಬರನ್ನು ಕಂಗೆಡಿಸುತ್ತದೆ. ನಿಮಗೆ ಸುಲಭದ ದಾರಿಯಿದೆ: 'ತಕಿಟ ತಕಿಟ ತಕ ತಕ ತಕ' ಎಂದು ಹೇಳಿಕೊಳ್ಳಿ, ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಚಪ್ಪಾಳೆ ಹಾಕಿ. ಒತ್ತುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಬೀಳುತ್ತವೆ. ಆದರೂ ಮೊದಲ ಎರಡು ತಿಂಗಳು ನಾಲ್ಕೆಣಿಕೆಯ 'ತಾಂಗೊಸ್' ಮಾತ್ರ ಸಾಕು. ಅರ್ಜೆಂಟೀನಾದ ಟ್ಯಾಂಗೊಗೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೇ.

ಕಾಲಿಗೆ ಮೂರು ಮೂಲ ಹೊಡೆತಗಳು. 'ಪ್ಲಾಂತಾ' ಎಂದರೆ ಮುಂಗಾಲು, 'ತಕೋನ್' ಎಂದರೆ ಹಿಮ್ಮಡಿ, 'ಗೋಲ್ಪೆ' ಎಂದರೆ ಇಡೀ ಪಾದ. ಗೋಲ್ಪೆ ನಿಮ್ಮ ತಟ್ಟಡವಿಗೆ ಹತ್ತಿರ ಅನ್ನಿಸುತ್ತದೆ, ಎಡವಟ್ಟಾಗುವುದೂ ಅಲ್ಲೇ. ಅರಮಂಡಿಗೆ ಕೂರಬೇಡಿ: ಮಂಡಿ ತುಸು ಸಡಿಲ, ಬೆನ್ನು ನೇರ, ಪಾದಗಳು ಮುಂದಕ್ಕೆ. ಕಾಲನ್ನು ಹಿಂದಕ್ಕೆ ಮಡಚಿ ಕೆಳಗೆ ಬಿಟ್ಟರೆ ಸದ್ದು ತಾನೇ ಬರುತ್ತದೆ. ಬಲ ಹಾಕಿ ಕುಟ್ಟಿದರೆ ಸದ್ದು ಮಂಕಾಗುತ್ತದೆ, ಮಂಡಿ ಮತ್ತು ಸೊಂಟ ನೋಯತೊಡಗುತ್ತವೆ. ಕೈಯಲ್ಲಿ ಹಸ್ತಮುದ್ರೆಗಳನ್ನು ಮರೆಯಬೇಕು. ಮಣಿಕಟ್ಟು ತಿರುಗುತ್ತಲೇ ಬೆರಳುಗಳು ಒಂದರ ಹಿಂದೊಂದು ಮಡಚಿ ಬಿಚ್ಚುತ್ತವೆ, ತೋಳು ಎಲ್ಲಿಯೂ ಗಕ್ಕನೆ ನಿಲ್ಲುವುದಿಲ್ಲ.

ನೋಡುವುದಕ್ಕೆ 'ತಬ್ಲಾವೊ'ಗಳಿವೆ, ಅಂದರೆ ಪುಟ್ಟ ಮರದ ವೇದಿಕೆಯ ಸಭಾಂಗಣಗಳು. 1956ರಿಂದ ನಡೆಯುತ್ತಿರುವ 'ಕೊರ್ರಾಲ್ ದೆ ಲಾ ಮೊರೆರಿಯಾ' ಅತಿ ಪ್ರಸಿದ್ಧ, ದುಬಾರಿಯೂ ಹೌದು. ಎಚೆಗರಾಯ್ ಬೀದಿಯ 'ಕಾರ್ದಮೋಮೊ' ಇನ್ನೊಂದು. ಹಳೆಯ ಪ್ರವಾಸ ಪುಸ್ತಕಗಳು ಹೊಗಳುವ 'ಕಾಸಾ ಪಾತಾಸ್' 2020ರಲ್ಲೇ ಮುಚ್ಚಿತು, ಹುಡುಕಿಕೊಂಡು ಹೋಗಬೇಡಿ. ಊಟ ಸೇರಿದ ಟಿಕೆಟ್ ಬೇಡ. ಒಂದು ಪಾನೀಯದ ಟಿಕೆಟ್‌ಗೂ ಅದೇ ಕುಣಿತ ಕಾಣುತ್ತದೆ. ಕಾಯ್ದಿರಿಸುವಾಗ ನರ್ತಕರ ಪಾದ ಕಾಣುವ ಜಾಗವನ್ನೇ ಕೇಳಿ. ಪಕ್ಕದ ಸಾಲಾದರೂ ಪರವಾಗಿಲ್ಲ, ಮುಂದಿನವರ ತಲೆ ಅಡ್ಡ ಬಂದರೆ ಅರ್ಧ ಕಲೆಯೇ ತಪ್ಪಿಹೋಗುತ್ತದೆ.

ಅಲ್ಲಿ ನರ್ತಕಿ ಹಾಡಿಗೆ ಹೆಜ್ಜೆ ಕೂಡಿಸುತ್ತಿದ್ದಾಳೆ ಎಂದುಕೊಂಡರೆ ಅರ್ಧ ಮಾತ್ರ ನಿಜ. 'ಯಮಾದಾ' ಎಂಬ ಗಟ್ಟಿ ಹೆಜ್ಜೆಗಳ ಸರಣಿಯಿಂದ ಅವಳೇ ಗಾಯಕರನ್ನು ಕರೆಯುತ್ತಾಳೆ. ಹಾಡು ಬಂದಾಗ ಕಾಲು ತಗ್ಗುತ್ತದೆ, ಚರಣ ಮುಗಿದಾಗ ಮುಕ್ತಾಯದ ಹೊಡೆತ ಹಾಕುತ್ತಾಳೆ. 'ಎಸ್ಕೊಬಿಯಾ' ಎಂಬ ಭಾಗದಲ್ಲಿ ಕಾಲಿನ ಕೆಲಸವೇ ಪ್ರಧಾನ. ಈ ಕರೆಗಳನ್ನು ಗುರುತಿಸಲು ಕಲಿತ ಮೇಲೆ ಅದೇ ಪ್ರದರ್ಶನ ಬೇರೆಯೇ ಆಗಿ ಕಾಣುತ್ತದೆ. ದಯವಿಟ್ಟು ಜೊತೆಗೆ ಚಪ್ಪಾಳೆ ತಟ್ಟಬೇಡಿ. ಅದು ಅಲ್ಲಿ ಮೃದಂಗದಷ್ಟೇ ಜವಾಬ್ದಾರಿಯ ವಾದ್ಯ.

ಮೊದಲ ವಾರಗಳಲ್ಲೇ ಬೂಟು ಕೊಳ್ಳಬೇಕಾಗುತ್ತದೆ. ಚರ್ಮದ್ದಿರಲಿ, ಹಿಮ್ಮಡಿ ಅಗಲವಾಗಿ ಸುಮಾರು 5 ಸೆಂ.ಮೀ. ಎತ್ತರವಿರಲಿ, ಪಾದಕ್ಕೆ ಬಿಗಿಯಾಗಿರಲಿ. ಚರ್ಮ ಸಡಿಲವಾಗುತ್ತದೆ, ದೊಡ್ಡದು ಕೊಂಡರೆ ಒಳಗೆ ಪಾದ ಜಾರುತ್ತದೆ. ತುದಿಯಲ್ಲೂ ಹಿಮ್ಮಡಿಯಲ್ಲೂ ಸಣ್ಣ ಮೊಳೆಗಳ ಸಾಲು ಇರುತ್ತದೆ, ಆದ್ದರಿಂದ ರಸ್ತೆಯಲ್ಲಿ ಹಾಕಿಕೊಂಡು ಓಡಾಡಬೇಡಿ. ಟೈಲ್ಸ್ ನೆಲದ ಬಾಡಿಗೆ ಮನೆಯಲ್ಲೂ ಬೇಡ: ಏಟೆಲ್ಲ ಮಂಡಿಗೆ ಬರುತ್ತದೆ, ಕೆಳಮನೆಯವರ ನಿದ್ದೆಯೂ ಕೆಡುತ್ತದೆ. ಮನೆಯಲ್ಲಿ ಅಂಗೈಗಳನ್ನು ಬಟ್ಟಲಿನಂತೆ ಮಡಚಿ ಮೆಲ್ಲನೆ ತಟ್ಟುತ್ತ ತಾಳವನ್ನು ಗಟ್ಟಿಮಾಡಿಕೊಳ್ಳಿ, ಕಾಲಿನ ಕೆಲಸವನ್ನು ಶಾಲೆಯ ಮರದ ನೆಲಕ್ಕೆ ಬಿಡಿ.