ತಿಂಗಳಿಗೊಮ್ಮೆ ಹೊಟ್ಟೆನೋವು, ಮುಟ್ಟು ಮಾತ್ರ ಇಲ್ಲ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನ್ನ ಮಗಳಿಗೆ 15 ತುಂಬಿ ನಾಲ್ಕು ತಿಂಗಳಾಯಿತು. ಮೈಕೈ ಬೆಳವಣಿಗೆಯೆಲ್ಲ ಓರಗೆಯ ಹುಡುಗಿಯರಂತೆಯೇ ಇದೆ, ಆದರೆ ಇನ್ನೂ ಮೈನೆರೆದಿಲ್ಲ. ಏಳು ತಿಂಗಳಿಂದ ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಶಾಲೆಯ ಬ್ಯಾಗನ್ನು ಕಿಬ್ಬೊಟ್ಟೆಗೆ ಒತ್ತಿಕೊಂಡು ಮುದುಡಿ ಕೂರುತ್ತಾಳೆ. ಉಷ್ಣವೆಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದ್ದಾಯಿತು, ಜೀರಿಗೆ ಕಷಾಯ ಕುಡಿಸಿದ್ದಾಯಿತು. ಕಳೆದ ಸಲ ಮೂತ್ರ ಕಟ್ಟಿದಂತಾಗಿ ಅತ್ತುಬಿಟ್ಟಳು. ನೋವು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ನೆಂಟರು ಆರತಿ ಯಾವಾಗ ಎಂದು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಒಳಪರೀಕ್ಷೆ ಮಾಡುತ್ತಾರೆಂಬ ಭಯವೂ ಇದೆ.
— ಹೆಸರು ಬೇಡ, ಚಳ್ಳಕೆರೆ

ಉತ್ತರ: ಇದು ಉಷ್ಣವಲ್ಲ, ತಾಯಿ. ನಿಮ್ಮ ಕ್ಯಾಲೆಂಡರಿನ ಗುರುತುಗಳೇ ಅರ್ಧ ರೋಗನಿರ್ಣಯ ಮಾಡಿವೆ. ನೋವು ತಿಂಗಳಿಗೊಮ್ಮೆ ಬರುತ್ತಿದೆಯೆಂದರೆ ಮಗಳ ಅಂಡಾಶಯಗಳು ಕೆಲಸ ಮಾಡುತ್ತಿವೆ, ಬಹುಶಃ ಒಳಗೆ ಮುಟ್ಟೂ ಆಗುತ್ತಿದೆ. ಆ ರಕ್ತ ಹೊರಬರಲು ದಾರಿಯಿಲ್ಲದೆ ಒಳಗೇ ತುಂಬಿಕೊಳ್ಳುತ್ತಿರಬೇಕು. ಹಾಗೆ ತುಂಬಿದ ರಕ್ತ ಮೂತ್ರಕೋಶವನ್ನು ಒತ್ತಿದಾಗ ಮೂತ್ರ ಕಟ್ಟುತ್ತದೆ.

ಹೆಣ್ಣುಶಿಶುವಿನ ಗರ್ಭಕೋಶ ಮೊದಲು ಎರಡು ಸಣ್ಣ ನಾಳಗಳಾಗಿರುತ್ತದೆ. ತಾಯಿಗೆ ಎರಡು ಮೂರು ತಿಂಗಳು ತುಂಬುವ ಹೊತ್ತಿಗೆ ಅವುಗಳ ಕೆಳಭಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಆಮೇಲೆ ಐದನೆಯ ತಿಂಗಳ ಹೊತ್ತಿಗೆ, ಎರಡು ಹೊಲಗಳ ನಡುವಿನ ಬದು ಕರಗಿ ಒಂದೇ ಹೊಲವಾದಂತೆ, ನಡುವಿನ ಗೋಡೆ ಕರಗುತ್ತದೆ. ಈ ಕೆಲಸವಾಗಲಿ, ಕೆಳಗೆ ಯೋನಿಯ ದಾರಿ ತೆರೆದುಕೊಳ್ಳುವ ಕೆಲಸವಾಗಲಿ ಎಲ್ಲಿ ನಿಂತಿತು ಎಂಬುದರ ಮೇಲೆ ದೋಷದ ಬಗೆ ನಿಲ್ಲುತ್ತದೆ. ಯೋನಿಯ ಬಾಯಿಗೆ ತೆಳುವಾದ ಪೊರೆ ಮುಚ್ಚಿಕೊಂಡಿರಬಹುದು, ಮೇಲೆ ಅಡ್ಡಗೋಡೆ ಉಳಿದಿರಬಹುದು, ಗರ್ಭಕೋಶದ ಕಂಠವೇ ರೂಪುಗೊಳ್ಳದಿರಬಹುದು. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಗರ್ಭಕೋಶವೇ ಬೆಳೆದಿರುವುದಿಲ್ಲ, ಆದರೆ ಅಂಥವರಿಗೆ ಸಾಮಾನ್ಯವಾಗಿ ಈ ಮಾಸಿಕ ನೋವು ಇರುವುದಿಲ್ಲ. ಬಹುಪಾಲು ಪ್ರಕರಣಗಳಲ್ಲಿ ನಿಶ್ಚಿತ ಕಾರಣ ಸಿಗುವುದಿಲ್ಲ. ಬಸಿರಿನಲ್ಲಿ ಗ್ರಹಣ ನೋಡಿದ್ದರಿಂದ, ಏನೋ ತಿಂದದ್ದರಿಂದ ಹೀಗಾಯಿತೆಂದು ಯಾರಾದರೂ ನಿಮ್ಮ ಮೇಲೆ ಹೊರಿಸಿದರೆ ಒಪ್ಪಬೇಡಿ.

ಮಗಳನ್ನು ಈ ವಾರವೇ ಸ್ತ್ರೀರೋಗ ತಜ್ಞರ ಬಳಿ ಕರೆದೊಯ್ಯಿರಿ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗಾಗಲಿ, ದಾವಣಗೆರೆಯ ಚಿಗಟೇರಿ ಆಸ್ಪತ್ರೆಗಾಗಲಿ ಹೋಗಬಹುದು. ಮತ್ತೆ ಮೂತ್ರ ಕಟ್ಟಿದರೆ ಅಥವಾ ಜ್ವರ ಬಂದರೆ ಆ ದಿನವೇ ಹೊರಡಿ. ಒಳಪರೀಕ್ಷೆಯ ಭಯ ಬೇಡ: ಮೂತ್ರಕೋಶ ತುಂಬಿರುವಾಗ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ, ಹೊರಗಿನಿಂದ ನೋಡಿದರೆ ಪೊರೆ ಮುಚ್ಚಿರುವುದೂ ತಿಳಿಯುತ್ತದೆ. ಸಂಶಯ ಉಳಿದರೆ ಎಂಆರ್‌ಐ ಮಾಡಿಸಬೇಕಾದೀತು. ಅದೇ ಸ್ಕ್ಯಾನಿಂಗಿನಲ್ಲಿ ಎರಡೂ ಮೂತ್ರಪಿಂಡಗಳನ್ನು ನೋಡಿ ಎಂದು ನೀವಾಗಿಯೇ ಕೇಳಿ. ಗರ್ಭಕೋಶ ಮತ್ತು ಮೂತ್ರಪಿಂಡಗಳು ಭ್ರೂಣದಲ್ಲಿ ಅಕ್ಕಪಕ್ಕದಲ್ಲೇ ಬೆಳೆಯುವುದರಿಂದ, ಗರ್ಭಕೋಶದಲ್ಲಿ ದೋಷವಿರುವ ಎಷ್ಟೋ ಮಂದಿಗೆ ಒಂದು ಮೂತ್ರಪಿಂಡ ಇರುವುದೇ ಇಲ್ಲ.

ಪೊರೆಯಷ್ಟೇ ಮುಚ್ಚಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ. ಸ್ಕ್ಯಾನಿಂಗ್ ಆಗುವ ಮೊದಲು ಮುಟ್ಟು ಬರಿಸುವ ಮಾತ್ರೆ ಕೊಡಿಸಬೇಡಿ, ಸೂಜಿ ಚುಚ್ಚಿ ರಕ್ತ ತೆಗೆಯಲು ಬಿಡಬೇಡಿ. ಸೋಂಕು ಒಳಗೆ ಸೇರುತ್ತದೆ. ತಡವಾದಷ್ಟೂ ರಕ್ತ ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಕಿಬ್ಬೊಟ್ಟೆಯೊಳಗೆ ಸೇರುತ್ತದೆ, ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಾಗಬಹುದು. ಆರತಿಯ ಮಾತು ಆಮೇಲೆ ಇರಲಿ.

ಬೇರೆ ತಾಯಂದಿರಿಗೂ ಒಂದು ಮಾತು. ಮುಟ್ಟು ಸರಿಯಾಗಿ ಬರುತ್ತಿದ್ದರೂ ದೋಷವಿರಬಹುದು. ಜೋಡಿ ಗರ್ಭಕೋಶದ ಒಂದು ಭಾಗ ಮಾತ್ರ ಮುಚ್ಚಿದ್ದರೆ, ಮೈನೆರೆದ ಮೇಲೆ ತಿಂಗಳಿಂದ ತಿಂಗಳಿಗೆ ನೋವು ಏರುತ್ತ ಹೋಗುತ್ತದೆ, ಹೆಚ್ಚಾಗಿ ಒಂದೇ ಪಕ್ಕದಲ್ಲಿ ಇರುತ್ತದೆ, ನೋವಿನ ಮಾತ್ರೆಗೂ ಜಗ್ಗುವುದಿಲ್ಲ. ಮದುವೆಯಾದರೆ ಸರಿಹೋಗುತ್ತದೆ ಎಂದು ಅಂಥ ಮಗಳನ್ನು ಸುಮ್ಮನಾಗಿಸಬೇಡಿ.

ಪ್ರಶ್ನೆ: ನನಗೆ 27 ವರ್ಷ. ಎರಡು ಸಲ ಬಸಿರು ನಿಲ್ಲಲಿಲ್ಲ. ಬಣ್ಣ ಹಾಕಿ ತೆಗೆದ ಎಕ್ಸ್‌-ರೇಯಲ್ಲಿ ಗರ್ಭಕೋಶಕ್ಕೆ ಎರಡು ಕೊಂಬುಗಳಿವೆ ಎಂದಿದ್ದಾರೆ. ಆಪರೇಷನ್ ಬೇಕೇ?
— ಓದುಗರು, ದಾವಣಗೆರೆ

ಉತ್ತರ: ಆ ಎಕ್ಸ್‌-ರೇ ಒಂದರಿಂದಲೇ ನಿರ್ಧರಿಸಬೇಡಿ. ಅದು ಗರ್ಭಕೋಶದ ಒಳಗಿನ ಪೊಳ್ಳನ್ನಷ್ಟೇ ತೋರಿಸುತ್ತದೆ. ಒಳಗೆ ಗೋಡೆ ಉಳಿದ ಗರ್ಭಕೋಶವೂ ಮೇಲ್ಭಾಗವೇ ಕವಲೊಡೆದ ಗರ್ಭಕೋಶವೂ ಅದರಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಹೊರಮೈ ನೋಡಲು ತ್ರೀಡಿ ಸ್ಕ್ಯಾನಿಂಗ್ ಇಲ್ಲವೇ ಎಂಆರ್‌ಐ ಬೇಕು. ಕವಲಿನದಾದರೆ ಸಾಮಾನ್ಯವಾಗಿ ಆಪರೇಷನ್ ಬೇಡ, ಆದರೆ ದಿನ ತುಂಬುವ ಮುನ್ನ ಹೆರಿಗೆಯಾಗುವ, ಮಗು ಅಡ್ಡ ಅಥವಾ ಉಲ್ಟಾ ನಿಲ್ಲುವ ಸಾಧ್ಯತೆ ಹೆಚ್ಚಿರುವುದರಿಂದ ಕಂಠದ ಉದ್ದವನ್ನು ಆಗಾಗ ಅಳೆಯಬೇಕಾಗಬಹುದು. ಒಳಗೋಡೆಯಾದರೆ ಯೋನಿಯ ಮೂಲಕ ಗರ್ಭಕೋಶದೊಳಗೆ ತೂರಿಸುವ ದರ್ಶಕ ನಳಿಗೆಯಿಂದ (ಹಿಸ್ಟರೋಸ್ಕೋಪ್) ನೋಡುತ್ತ ಅದನ್ನು ಕತ್ತರಿಸುವ ವಿಧಾನವಿದೆ. ಅದರಿಂದ ಹೆರಿಗೆಗಳು ಹೆಚ್ಚುತ್ತವೆಯೇ ಎಂದು ಪರೀಕ್ಷಿಸಿದ, 2021ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ವೈದ್ಯರಲ್ಲೇ ಈಗ ಎರಡು ಅಭಿಪ್ರಾಯಗಳಿವೆ. ಹಾಗಾಗಿ ಇಬ್ಬರ ಸಲಹೆ ಕೇಳಿ, ಗರ್ಭಪಾತಕ್ಕೆ ಬೇರೆ ಕಾರಣಗಳಿವೆಯೇ ಎಂಬುದನ್ನೂ ಪರೀಕ್ಷಿಸಿಕೊಂಡ ಮೇಲೆ ಒಪ್ಪಿಗೆ ಕೊಡಿ. ಮುಂದಿನ ಬಸಿರು ನಿಂತ ಆರನೆಯ ಏಳನೆಯ ವಾರದಲ್ಲೇ ಸ್ಕ್ಯಾನಿಂಗ್ ಮಾಡಿಸಿ, ಮಗು ಯಾವ ಭಾಗದಲ್ಲಿ ಕೂತಿದೆ ಎಂಬುದನ್ನು ಬರೆಸಿಕೊಳ್ಳಿ. ಇದ್ದಕ್ಕಿದ್ದಂತೆ ಹೊಟ್ಟೆ ಸೀಳಿದಂಥ ನೋವು, ತಲೆಸುತ್ತು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ, ಆ ಹಳೆಯ ಎಕ್ಸ್‌-ರೇ ಫಿಲ್ಮೂ ಜೊತೆಗಿರಲಿ.