ಆವಿ ಹಿಡಿದ್ರೆ ಮೂಗು ನಿಜಕ್ಕೂ ಬಿಡ್ತದಾ?

ಪ್ರಶ್ನೆ: ನಾವು ಬದಿಯಡ್ಕ ಹತ್ತಿರದವರು. ಮಳೆಗಾಲ ಶುರುವಾದ್ರೆ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಶೀತ. ಅತ್ತೆ ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಆವಿ ಹಿಡಿಸ್ತಾರೆ, ಎರಡು ನಿಮಿಷದಲ್ಲಿ ಮೂಗು ಬಿಟ್ಟ ಹಾಗೆ ಆಗ್ತದೆ. ನಮ್ಮವರು ಮಾತ್ರ ಇದೆಲ್ಲ ಬರೀ ನಂಬಿಕೆ, ಸೈನ್ಸ್‌ನಲ್ಲಿ ಎಂತದೂ ಇಲ್ಲ ಹೇಳ್ತಾರೆ. ಯಾರು ಸರಿ? ಎರಡು ವರ್ಷದ ಮಗುವಿಗೂ ಹಿಡಿಸಬಹುದಾ?

ಉತ್ತರ: ಇಬ್ಬರೂ ಅರ್ಧರ್ಧ ಸರಿ, ಇದನ್ನು ಓದಿ ಮನೆಯಲ್ಲಿ ಜಗಳ ಆದ್ರೆ ನನ್ನ ಹೆಸರು ಹೇಳ್ಬೇಡಿ. ನೀಲಗಿರಿ ಎಣ್ಣೆಯ ಆ ಘಾಟಿಗೆ ಕಾರಣ ಸಿನಿಯೋಲ್ ಅನ್ನುವ ವಸ್ತು, ಯೂಕಲಿಪ್ಟಾಲ್ ಅಂತಲೂ ಹೇಳ್ತಾರೆ, ಒಳ್ಳೆ ಎಣ್ಣೆಯಲ್ಲಿ ಬಹುಪಾಲು ಅದೇ. ಬೈರಾಸು ಹೊದ್ದು ಪಾತ್ರೆಯ ಮೇಲೆ ಬಗ್ಗಿ ಮೊದಲ ಉಸಿರು ಎಳೆದ ಕೂಡಲೇ ಮೂಗಿನೊಳಗೆ ತಣ್ಣಗೆ ಆಗ್ತದಲ್ಲ, ಅಷ್ಟು ಬಿಸಿ ಆವಿಯಲ್ಲಿ ತಂಪು ಎಲ್ಲಿಂದ ಬಂತು? ಮೂಗಿನ ನರದ ತುದಿಯಲ್ಲಿ ತಂಪನ್ನು ಗುರುತಿಸುವ ಒಂದು ಪ್ರೋಟೀನ್ ಉಂಟು, ಟಿಆರ್‌ಪಿಎಂ8 ಅಂತ, 2002ರಲ್ಲಿ ಪತ್ತೆ ಆದದ್ದು, ಇಂಥ ಕೆಲಸಕ್ಕೇ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಪುದೀನ ಜಾತಿಯ ಗಿಡದ ಮೆಂಥಾಲ್ ಅದನ್ನು ಜೋರಾಗಿ ಕೆಣಕ್ತದೆ, ಸಿನಿಯೋಲ್ ಸ್ವಲ್ಪ ಮೆಲ್ಲಗೆ. ಆಗ ಗಾಳಿ ಚೆನ್ನಾಗಿ ಹೋಗ್ತಾ ಉಂಟು ಅಂತ ಮಂಡೆಗೆ ಸುದ್ದಿ ಮುಟ್ತದೆ, ದಾರಿ ಮಾತ್ರ ಮೊದಲು ಇದ್ದಷ್ಟೇ ಅಗಲ. 1983ರಲ್ಲೇ ಬ್ರಿಟನ್‌ನವರು ಆರೋಗ್ಯವಂತರಿಗೆ ಕರ್ಪೂರ, ನೀಲಗಿರಿ, ಮೆಂಥಾಲ್ ಮೂರರ ಆವಿಯನ್ನೂ ಕೊಟ್ಟು ಮೂಗಿನಲ್ಲಿ ಗಾಳಿಗೆ ಎಷ್ಟು ತಡೆ ಅಂತ ಅಳೆದಿದ್ರು, ತಡೆ ಕಮ್ಮಿ ಆಗ್ಲಿಲ್ಲ, ಆದ್ರೆ ಹೆಚ್ಚಿನವರು ಉಸಿರು ಸಲೀಸಾಯ್ತು ಅಂದ್ರು. 1990ರಲ್ಲಿ ಶೀತ ಆದ 62 ಜನರಿಗೆ ಮೆಂಥಾಲ್ ಮಿಠಾಯಿ ಚೀಪಿಸಿ ನೋಡಿದಾಗಲೂ ಅದೇ ಕಥೆ.

ಹಾಗಂತ ಅತ್ತೆಯ ಚಿಕಿತ್ಸೆ ಮೋಸ ಅಂತ ಅಲ್ಲ, ಮೂಗು ಬಿಟ್ಟ ಹಾಗೆ ಅನಿಸಿ ರಾತ್ರಿ ನಿದ್ದೆ ಬಂದ್ರೆ ಅಷ್ಟೇ ಲಾಭ, ನಾನೂ ಶೀತ ಆದ್ರೆ ಹಿಡೀತೇನೆ. ಅಸ್ತಮಾ ಇರುವವರಲ್ಲಿ ಕೆಲವರಿಗೆ ಆ ಘಾಟಿನಿಂದಲೇ ಉಸಿರು ಕಟ್ಟುವುದುಂಟು, ಅಂಥವರು ದೂರ ಇರಿ.

ಮಗುವಿಗೆ ಬೇಡವೇ ಬೇಡ. ಸಣ್ಣ ಮಕ್ಕಳು ಪಾತ್ರೆಗೆ ಕೈ ಹಾಕಿ ಬಿಸಿನೀರು ಮೈಮೇಲೆ ಚೆಲ್ಲಿಕೊಳ್ಳುವುದು ಒಂದು, ಕರ್ಪೂರ, ಮೆಂಥಾಲ್‌ನ ಘಾಟು ಹತ್ತಿರದಿಂದ ಹೊಡೆದ್ರೆ ಗಂಟಲು ಬಿಗಿದು ಉಸಿರೇ ನಿಲ್ಲುವ ಅಪಾಯ ಇನ್ನೊಂದು. ಮೆಡಿಕಲ್ ಶಾಪಲ್ಲಿ ಸಿಗುವ ಉಪ್ಪುನೀರಿನ ಡ್ರಾಪ್ಸ್ ಎರಡು ಹನಿ ಮೂಗಿಗೆ ಬಿಡಿ, ಸಾಕು. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಾ ಇದ್ರೆ ಡ್ರಾಪ್ಸೂ ಬೇಡ ಎಂತದೂ ಬೇಡ, ಕೂಡಲೇ ಆಸ್ಪತ್ರೆಗೆ.

ಪ್ರಶ್ನೆ: ನೀಲಗಿರಿ ಎಣ್ಣೆಯನ್ನು ಬಿಸಿನೀರಿಗೆ ಬೆರೆಸಿ ಕುಡಿದ್ರೆ ಎದೆಯ ಕಫ ಕರಗ್ತದೆ, ಜರ್ಮನಿಯಲ್ಲಿ ಪ್ರೂವ್ ಆಗಿದೆ ಅಂತ ವಾಟ್ಸಾಪಲ್ಲಿ ಬಂತು. ಹೌದಾ ಡಾಕ್ಟ್ರೇ? (ಮಂಜೇಶ್ವರದಿಂದ ಒಬ್ಬರು)

ಉತ್ತರ: ಕುಡೀಬೇಡಿ ಮಾರಾಯ್ರೇ! ಜರ್ಮನಿಯ ಸಂಗತಿ ಸುಳ್ಳಲ್ಲ, ಆದ್ರೆ ಅಲ್ಲಿ ಕೊಟ್ಟದ್ದು ನಮ್ಮ ಬಾಟಲಿಯ ಎಣ್ಣೆ ಅಲ್ಲ, ಶುದ್ಧ ಸಿನಿಯೋಲ್ ಅಳೆದು ತುಂಬಿಸಿದ ಕ್ಯಾಪ್ಸೂಲ್, 200 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ. 2004ರಲ್ಲಿ ಸೈನಸ್ ತೊಂದರೆ ಇದ್ದ 152 ಜನರಲ್ಲಿ ನೋಡಿದ್ರು, ಕ್ಯಾಪ್ಸೂಲ್ ತೆಗೊಂಡವರಿಗೆ ಮದ್ದಿಲ್ಲದ ಖಾಲಿ ಗುಳಿಗೆ ತೆಗೊಂಡವರಿಗಿಂತ ಬೇಗ ಕಮ್ಮಿ ಆಯ್ತು. 2009ರಲ್ಲಿ ಸಿಒಪಿಡಿ, ಅಂದ್ರೆ ಉಸಿರಾಟ ಕಷ್ಟ ಆಗುವ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಇದ್ದ 242 ಜನರಿಗೆ ಆರು ತಿಂಗಳು ಕೊಟ್ಟಾಗ ರೋಗ ಉಲ್ಬಣಿಸುವುದು ಕಡಿಮೆ ಆಯ್ತು, ಅವರು ತಮ್ಮ ಮಾಮೂಲಿ ಮದ್ದು ನಿಲ್ಲಿಸಿರಲಿಲ್ಲ ಅನ್ನುವುದನ್ನು ವಾಟ್ಸಾಪ್‌ನವರು ಹೇಳುವುದಿಲ್ಲ. ನೀಲಗಿರಿಗೆ ನಿಜವಾದ ಆಧಾರ ಇರುವುದು ಇಲ್ಲಿ, ಆವಿಯಲ್ಲಿ ಅಲ್ಲ. ಆದ್ರೆ ಬಾಟಲಿ ಎಣ್ಣೆ ಒಂದು ಟೀ ಚಮಚ ಹೊಟ್ಟೆಗೆ ಹೋದ್ರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು. ಯಾರಾದ್ರೂ ಕುಡಿದುಬಿಟ್ರೆ ವಾಂತಿ ಮಾಡಿಸಲಿಕ್ಕೆ ಹೋಗ್ಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ನಮ್ಮ ಕಾಸರಗೋಡು ಕೇರಳದಲ್ಲಿ ಇರುವುದಲ್ವಾ, ಲೇಬಲ್ ಮಲಯಾಳದಲ್ಲಿ ಇರಬಹುದು, ಓದಲಿಕ್ಕೆ ಬಾರದವರು ಅಂಗಡಿಯವನ ಹತ್ರ ಓದಿಸಿ: ‘ಬಾಹ್ಯ ಉಪಯೋಗತ್ತಿನ್ ಮಾತ್ರಂ’ ಅಂತ ಇದ್ರೆ ಹೊರಗಿನ ಬಳಕೆಗೆ ಮಾತ್ರ ಅಂತ ಅರ್ಥ.